ಬಸ್ಸು ನಿಂತಾಗ ಏಳುವ ಕೂಸು

ನನ್ನ ಹೊಟ್ಟೆಯಲ್ಲಿದ್ದ ಕೂಸಿಗೆ ಬಸ್ಸಿನ ಚಟ ಹತ್ತಿತ್ತು. ಹೇಳಿದರೆ ಎಲ್ಲರೂ ನಗುತ್ತಿದ್ದರು. ನಗಲಿ, ಹೊಟ್ಟೆ ಅವರದ್ದಲ್ಲವಲ್ಲ. ನಾನು ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸು ಓಡುತ್ತಿರುವಷ್ಟು ಹೊತ್ತು ಕೂಸು ಗಪ್ಪಾಗಿ ಮಲಗಿರುತ್ತಿತ್ತು. ಎಲ್ಲಾದರೂ ಬಸ್ಸು ನಿಂತು, ಡ್ರೈವರ್ ಇಂಜಿನ್ ಬಂದ್ ಮಾಡಿ ಚಹಾಕ್ಕೆ ಇಳಿದರೆ ಸಾಕು, ಎದ್ದು ಒದೆಯಲು ಶುರು ಮಾಡುತ್ತಿತ್ತು. ಬಸ್ಸು ಹೊರಟ ಮೇಲೆ ಮತ್ತೆ ನಿದ್ದೆ. ಹೀಗೆ ನಮ್ಮಿಬ್ಬರ ಡ್ಯೂಟಿ ಒಂದೇ ಆಗಿತ್ತು.

ಅದು ಮೊದಲ ಸಲ ಮಿಸುಕಿದ್ದು ಐದನೆಯ ತಿಂಗಳಲ್ಲಿ, ಮಹಾಗಾಂವ ಕ್ರಾಸಿನಲ್ಲಿ. ಮುಂಜಾನೆಯ ಟ್ರಿಪ್ಪು, ಕಾಲು ಇಡಲು ಜಾಗವಿರಲಿಲ್ಲ. ಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗರಿಗೆ ಒಳಗೆ ಸರಿಯಿರಿ ಎಂದು ಕೂಗಿ ಕೂಗಿ ನನ್ನ ಗಂಟಲು ಒಣಗಿತ್ತು. ಬಸ್ಸು ನಿಂತಾಗ ಸೀಟಿನ ಸರಳಿಗೆ ಒರಗಿ ಉಸಿರು ಬಿಟ್ಟೆ. ಆಗ ಹೊಟ್ಟೆಯೊಳಗೆ ಏನೋ ಪುಳಕ್ಕೆಂದಿತು. ತಿಂದು ಬಂದಿದ್ದ ಮಂಡಕ್ಕಿಯ ಸುಸಲಾ, ಮಿರ್ಚಿ ತಿರುಗಿಬಿತ್ತು ಎಂದುಕೊಂಡೆ. ಮರುದಿನವೂ ಅದೇ ಜಾಗದಲ್ಲಿ, ಬಸ್ಸು ನಿಂತ ಮೇಲೆಯೇ ಪುಳಕ್ಕೆಂದಿತು. ಅವತ್ತು ನಾನು ಮಿರ್ಚಿ ತಿಂದಿರಲಿಲ್ಲ. ನಿಂತಲ್ಲೇ ನಕ್ಕೆ. ಎದುರಿಗಿದ್ದವನೊಬ್ಬ ತನ್ನನ್ನು ನೋಡಿ ನಕ್ಕಳೆಂದು ಸಿಟ್ಟಾದ.

ಏಳನೆಯ ತಿಂಗಳ ಹೊತ್ತಿಗೆ ಕೊರಳಿಗೆ ಹಾಕಿಕೊಂಡ ಟಿಕೆಟ್ ಮಷಿನ್ ಹೊಟ್ಟೆಯ ಮೇಲೆ ಕೂಡುವಂತಾಗಿತ್ತು. ನಿಂತ ಬಸ್ಸಿನಲ್ಲಿ ಕೂಸು ಒದ್ದರೆ ಮಷಿನ್ ಅಲುಗಾಡುತ್ತಿತ್ತು. ಒಮ್ಮೆ ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಅದನ್ನು ಕಂಡು, "ಯವ್ವಾ, ನಿನ್ನ ಕೂಸೇ ಟಿಕೀಟು ಹರದು ಕೊಡಾಕತ್ತದಲ್ಲ" ಎಂದಳು. ಬಸ್ಸೆಲ್ಲ ನಕ್ಕಿತು. ನಾನು ಕೂಸಿಗೆ ಮನಸ್ಸಿನಲ್ಲೇ ಕಾನೂನು ಹೇಳುತ್ತಿದ್ದೆ. ಹೆಣ್ಣಾಗಿದ್ದರೆ ನಿನಗೆ ಪುಕ್ಕಟೆ, ಆರಾಮಾಗಿ ಕೂಡು. ಗಂಡಾಗಿದ್ದರೆ ಟಿಕೆಟ್ ತೆಗೆಸು, ಇಲ್ಲ ಇಳಿ. ಅದು ಇಳಿಯುತ್ತಿರಲಿಲ್ಲ, ಇನ್ನೊಂದು ಒದೆ ಕೊಡುತ್ತಿತ್ತು.

ಕಂಡಕ್ಟರ್ ಕೆಲಸದವರಿಗೆ ಒಂಟಿತನ ಎಲ್ಲಿಂದ ಬರಬೇಕು ಎಂದು ಜನ ಕೇಳುತ್ತಾರೆ. ದಿನವಿಡೀ ನನ್ನ ಸುತ್ತ ಜನ ಇರುವುದು ನಿಜ. ಅವರಿಗೆ ಬೇಕಾದದ್ದು ಟಿಕೆಟು, ಚಿಲ್ಲರೆ, ಕಿಟಕಿಯ ಪಕ್ಕದ ಸೀಟು. ನಾನು ಅಷ್ಟು ಮುಖ ನೋಡುತ್ತೇನೆ, ನನ್ನ ಮುಖವನ್ನು ಯಾರೂ ನೋಡುವುದಿಲ್ಲ. ನಾವಿದ್ದದ್ದು ಶರಣಸಿರಸಗಿಯ ಕಡೆ ಹೊಸದಾಗಿ ಎದ್ದ ಲೇಔಟಿನಲ್ಲಿ, ಬಾಡಿಗೆಯ ಮನೆ. ಅಕ್ಕಪಕ್ಕದಲ್ಲಿ ಖಾಲಿ ಸೈಟುಗಳು, ಜಾಲಿಗಿಡ, ಅಲ್ಲೊಂದು ಇಲ್ಲೊಂದು ಅರ್ಧ ಕಟ್ಟಿ ಬಿಟ್ಟ ಗೋಡೆ. ನಮ್ಮನೆಯವರು ನಂದೂರಿನ ದಾಲ್ ಮಿಲ್ಲೊಂದರಲ್ಲಿ ಮಷಿನ್ ನೋಡಿಕೊಳ್ಳುತ್ತಾರೆ. ಒಳ್ಳೆಯವರು, ಆದರೆ ಮಾತಿಗೆ ಬಲು ಜಿಪುಣರು. ಅದರ ಮೇಲೆ ತೊಗರಿಯ ಸೀಜನ್ ಬೇರೆ. ನಾನು ಬಾಗಿಲು ತೆಗೆಯುವಾಗ ಅವರು ಚಪ್ಪಲಿ ಮೆಟ್ಟುತ್ತಿದ್ದರು, ಅವರು ಬರುವಾಗ ನಾನು ಡಿಪೋಗೆ ಹೊರಟಿರುತ್ತಿದ್ದೆ. ನಾನಂತೂ ಬಾಯಿಬಡುಕಿ, ಮಾತಾಡದೆ ಇರಲಾರೆ. ಹಾಗಾಗಿ ಅನ್ನಕ್ಕಿಡುತ್ತ, ಯೂನಿಫಾರ್ಮ್ ಒಗೆಯುತ್ತ ಹೊಟ್ಟೆಯ ಜೊತೆಗೇ ಮಾತಾಡುತ್ತಿದ್ದೆ. ಆ ಮನೆಯಲ್ಲಿ ನನಗೆ ಉತ್ತರ ಕೊಡುತ್ತಿದ್ದದ್ದು ಅದೊಂದೇ.

ಎಂಟು ತುಂಬಿದ ಮೇಲೆ ರಜೆ ಹಾಕಿದೆ. ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಹೆರಿಗೆಗೆಂದು ಅಣ್ಣ ನನ್ನನ್ನು ಕಮಲಾಪುರಕ್ಕೆ ಕರೆದುಕೊಂಡು ಬಂದ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮಲ್ಲಿ ಎಲ್ಲರೂ ನಡೆಸಿಕೊಂಡು ಬಂದದ್ದು. ತವರಿನಲ್ಲಿ ಅವ್ವ ಇದ್ದಾಳೋ ಇಲ್ಲವೋ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಇದ್ದವರು ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿ, ಇಬ್ಬರೇ. ಅವರ ಮಕ್ಕಳು ಹಾಸ್ಟೆಲಿನಲ್ಲಿ ಓದುತ್ತಿದ್ದರು. ಅಣ್ಣ ಹೆದ್ದಾರಿಯ ಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾನೆ. ವೈನಿ ಶಾಲೆಯಲ್ಲಿ ಮಕ್ಕಳ ಬಿಸಿಯೂಟದ ಅಡುಗೆ ಮಾಡುತ್ತಾರೆ. ಬೆಳಿಗ್ಗೆ ಇಬ್ಬರೂ ಹೊರಟರೆ ಮನೆಯಲ್ಲಿ ನಾನು, ಗೋಡೆಯ ಮೇಲೆ ಅವ್ವನ ಫೋಟೋ.

ವೈನಿಯ ಬಗ್ಗೆ ಕೆಟ್ಟದ್ದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಹೊರಡುವ ಮುಂಚೆ ಬಿಸಿ ರೊಟ್ಟಿ, ಪಲ್ಯ, ಮೊಸರು ಎಲ್ಲ ಮುಚ್ಚಿಟ್ಟು ಹೋಗುತ್ತಿದ್ದರು. ಬಂದ ಮೇಲೆ ತಟ್ಟೆ ನೋಡಿ, "ಇಷ್ಟ ತಿಂದ್ರ ಕೂಸಿಗೇನ್ ಹತ್ತತದವ್ವ" ಎಂದು ಬೈಯುತ್ತಿದ್ದರು. ನಾನು ಒಂದು ಲೋಟ ತೊಳೆಯಲು ಹೋದರೂ ಕಸಿದುಕೊಳ್ಳುತ್ತಿದ್ದರು. ಬೀಗರು ಬಂದಾಗ ಮಾಡುವ ಉಪಚಾರ ಅದು. ಅವ್ವ ಇದ್ದಿದ್ದರೆ ಬೈದು ಕಸ ಹೊಡೆಸುತ್ತಿದ್ದಳು, ಆಮೇಲೆ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಹುಟ್ಟಿ ಬೆಳೆದ ಮನೆಯಲ್ಲಿ ನಾನು ಅತಿಥಿಯಾಗಿದ್ದೆ. ಇದಕ್ಕೆ ಯಾರನ್ನೂ ದೂರುವಂತಿರಲಿಲ್ಲ, ಅದಕ್ಕೇ ಇನ್ನಷ್ಟು ಸಂಕಟವಾಗುತ್ತಿತ್ತು.

ಮನೆ ಮೇನ್ ರೋಡಿಗೆ ಹತ್ತಿರ. ಹಾರ್ನ್ ಕೇಳಿಯೇ ಇದು ಯಾವ ಗಾಡಿ, ಯಾವ ಡ್ರೈವರ್ ಎಂದು ಹೇಳಬಲ್ಲೆ. ಬೀದರ್ ಗಾಡಿ ತಡವಾದರೆ ನನಗೇ ಚಡಪಡಿಕೆ. ಕೂಸಿಗೆ ಇನ್ನೂ ಹೆಚ್ಚು. ಬಸ್ಸು ತಪ್ಪಿದ ಮೊದಲ ವಾರ ಅದು ಹಗಲಿಡೀ ಮಲಗಲಿಲ್ಲ. ಅಷ್ಟರಲ್ಲಿ ಅದರ ಒದೆತವೂ ಬದಲಾಗಿತ್ತು. ಮೊದಲಿನ ಚಟ್ ಚಟ್ ಒದೆ ಹೋಗಿ, ಇಡೀ ಮೈ ಹೊರಳಿಸಿ ಉರುಳುತ್ತಿತ್ತು. ಬಲಗಡೆ ಪಕ್ಕೆಯ ಕೆಳಗೆ ಹಿಮ್ಮಡಿ ಊರಿ ನೂಕುತ್ತಿತ್ತು, ನಾನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸರಿಯುತ್ತಿತ್ತು, ಕೈ ತೆಗೆದರೆ ಮತ್ತೆ ಅಲ್ಲಿಗೇ ಬರುತ್ತಿತ್ತು. ಬಿಕ್ಕಳಿಕೆ ಬಂದರೆ ಹೊಟ್ಟೆ ತಾಳ ಹಾಕುತ್ತಿತ್ತು. ನಾನು ಹಾಸಿಗೆಯ ಮೇಲೆ ಎಡಮಗ್ಗುಲಾಗಿ ಬಿದ್ದುಕೊಂಡು, ಇನ್ನೂ ಎಷ್ಟು ತುಂಟಾಟ ಮಾಡುತ್ತಿ ಮಾಡು ಎಂದು ಅದರ ಜೊತೆ ಜಗಳ ಆಡುತ್ತಿದ್ದೆ. ಆ ಖಾಲಿ ಮನೆಯ ಹಗಲುಗಳು ಕಳೆದದ್ದು ಹಾಗೆ.

ಆಮೇಲೆ ಒಂದು ದಿನ ಅದು ಸುಮ್ಮನಾಯಿತು.

ಒಮ್ಮೆಗೇ ಸುಮ್ಮನಾಗಲಿಲ್ಲ. ಬೆಳಿಗ್ಗೆ ಒಂದು ಸಲ ಮೈ ಮುರಿದಂತೆ ಮಾಡಿತು. ನಾನು ಪಕ್ಕೆಯ ಕೆಳಗೆ ಬೆರಳು ಒತ್ತಿ ಕಾದೆ, ಹಿಮ್ಮಡಿ ಬರಲಿಲ್ಲ. ಮಧ್ಯಾಹ್ನ ಉಂಡು ಮಲಗಿ ಕಾದೆ. ಸಂಜೆಯ ಹೊತ್ತಿಗೆ ಯಾರೋ ನಿದ್ದೆಗಣ್ಣಿನಲ್ಲಿ ಹೊರಳಿದಂತೆ ಒಂದು ಸಲ ಹೊರಳಿತು, ಅಷ್ಟೇ. ವೈನಿ ಶಾಲೆಯಿಂದ ಬಂದ ಕೂಡಲೇ, "ವೈನಿ, ಕೂಸು ಇವತ್ತ ಸರಿಯಾಗಿ ಮಿಸುಕವಲ್ದು ನೋಡ್ರಿ" ಎಂದೆ.

ವೈನಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದರು. "ಹೊತ್ತು ತುಂಬ್ಯದಲ್ಲವ್ವ. ಒಳಗ ಜಾಗ ಎಲ್ಲದ ಅದಕ್ಕ ಕಾಲು ಚಾಚಾಕ? ಕೆಳಗ ಇಳದು ಕುಂತದ. ನನ್ನವು ಎರಡೂ ಹಿಂಗೇ ಮಾಡಿದ್ವು. ಮಲಗ್ಯದ, ಮಲಗಲಿ ಬಿಡು."

"ಇಷ್ಟೊತ್ತು ಮಲಗ್ತದೇನ್ರಿ?"

"ತಡಿ, ಸಿಹಿ ತಿಂದ್ರ ಏಳ್ತದ." ವೈನಿ ಹಾಲಿಗೆ ಬೆಲ್ಲ ಹಾಕಿ, ಕೆಂಪು ಬಾಳೆಹಣ್ಣು ಕಿವುಚಿ ಬಟ್ಟಲು ತುಂಬ ಕೊಟ್ಟರು. ಎದುರಿಗೇ ಕೂತು ತಿನ್ನಿಸಿದರು. ತಿಂದು ಸ್ವಲ್ಪ ಹೊತ್ತಿಗೆ ಹೊಟ್ಟೆಯ ಒಂದು ಬದಿ ಎದ್ದು ಇಳಿಯಿತು. "ಬಂತು ನೋಡು!" ಎಂದು ವೈನಿ ಚಪ್ಪಾಳೆ ತಟ್ಟಿದರು. ಅಂಗಡಿ ಮುಚ್ಚಿ ಬಂದ ಅಣ್ಣ ವಿಷಯ ಕೇಳಿ, "ನಿನ್ನಂಗ ಬಾಯಿಬಡುಕಿ ಆಗಂಗಿಲ್ಲ ಅಂದಂಗಾತು. ಅವರಪ್ಪನ ಹಂಗ ಸುಮ್ನಿರೋ ಕೂಸು" ಎಂದು ನಕ್ಕ. ನಾನೂ ನಕ್ಕೆ. ಎಲ್ಲರೂ ನಗುವಾಗ ಒಬ್ಬಳೇ ಹೆದರಿಕೊಂಡು ಕೂಡುವುದು ಸುಲಭವಲ್ಲ.

ನಮ್ಮನೆಯವರ ಫೋನ್ ಬಂತು. ಮಿಲ್ಲಿನ ಗದ್ದಲದ ನಡುವೆಯೇ, "ಊಟ ಆತೇನು? ಕೂಸು ಹ್ಯಾಂಗದ?" ಎಂದು ಕೇಳಿದರು. ಅವರ ಎಲ್ಲ ಫೋನೂ ಈ ಎರಡು ಪ್ರಶ್ನೆಗಳಲ್ಲಿ ಮುಗಿಯುತ್ತದೆ.

"ಇವತ್ತ ಭಾಳ ಸುಮ್ನ ಅದರೀ. ನನಗ್ಯಾಕೋ ಹೆದರಿಕಿ ಆಗಾಕತ್ತದ."

"ವೈನಿ ಏನಂದ್ರು?"

"ಜಾಗ ಇಲ್ಲ, ಮಲಗ್ಯದ ಅಂದ್ರು."

"ಮತ್ತ? ಅವರು ಎರಡು ಹಡದಾರ, ಅವರಿಗಿ ಗೊತ್ತಿರ್ತದ. ಮುಂದಿನ ವಾರ ಹೆಂಗೂ ಚೆಕಪ್ ಅದಲ್ಲ." ಅಷ್ಟು ಹೇಳಿ ಇಟ್ಟರು. ಅವರ ಮೇಲೆ ಸಿಟ್ಟು ಬಂತು, ಆಮೇಲೆ ಪಾಪ ಎನ್ನಿಸಿತು. ಗಂಡಸಿಗೆ ಹೇಗೆ ತಿಳಿಯಬೇಕು? ಹೊಟ್ಟೆಯೊಳಗಿನ ಮಾತು ಹೊತ್ತವಳಿಗೊಬ್ಬಳಿಗೇ ಕೇಳುತ್ತದೆ, ಆ ಮಾತು ನಿಂತದ್ದೂ ಅವಳಿಗೊಬ್ಬಳಿಗೇ ಗೊತ್ತಾಗುತ್ತದೆ. ನನ್ನ ಜೀವನದಲ್ಲಿ ಅಷ್ಟು ಒಂಟಿಯಾಗಿ ನಾನು ಎಂದೂ ಹಾಸಿಗೆಗೆ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದಾಗ ಹೊಟ್ಟೆ ಕಲ್ಲಿನಂತಿತ್ತು. ವೈನಿ ಗಡಿಬಿಡಿಯಲ್ಲಿ ಶಾಲೆಗೆ ಹೊರಟಿದ್ದರು, ಇನ್ನೊಮ್ಮೆ ಅದೇ ರಾಗ ಎಳೆಯಲು ನಾಚಿಕೆಯಾಯಿತು. ಅವರು ಹೋದ ಮೇಲೆ ಉಳಿದ ಬಾಳೆಹಣ್ಣು ತಿಂದೆ, ಬೆಲ್ಲ ತಿಂದೆ, ತಣ್ಣೀರು ಕುಡಿದೆ. ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದೆ. ಏಳು, ಎಷ್ಟು ಮಲಗುತ್ತಿ, ಸ್ಟಾಪ್ ಬಂತು, ಏಳು ಎಂದೆ. ಒಳಗಿನಿಂದ ಏನೂ ಬರಲಿಲ್ಲ. ಹೊರಗೆ ರೋಡಿನಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತ ಹೋಯಿತು.

ಆಗ ನನ್ನ ಕಂಡಕ್ಟರ್ ಬುದ್ಧಿ ಓಡಿತು. ಈ ಕೂಸು ಏಳುವುದು ಬಸ್ಸು ನಿಂತಾಗ. ನಿಲ್ಲಬೇಕಾದರೆ ಮೊದಲು ಓಡಬೇಕಲ್ಲ? ಇಲ್ಲಿ ನಾನು ದಿನವಿಡೀ ಬಿದ್ದುಕೊಂಡೇ ಇದ್ದೇನೆ, ಯಾವಾಗ ಮಲಗಬೇಕು ಯಾವಾಗ ಏಳಬೇಕು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಒಂದು ಟ್ರಿಪ್ ಬಸ್ಸಿನಲ್ಲಿ ಕೂತರೆ, ಮಹಾಗಾಂವ ಕ್ರಾಸಿನಲ್ಲಿ ಇಂಜಿನ್ ಬಂದ್ ಆದರೆ, ಖಂಡಿತ ಏಳುತ್ತದೆ. ಆಸ್ಪತ್ರೆಗೆ ಓಡಬೇಕಾದ ಹೊತ್ತಿನಲ್ಲಿ ನಾನು ಕೂಸನ್ನು ಎಬ್ಬಿಸಲು ಬಸ್ಸು ಹತ್ತಲು ಹೊರಟಿದ್ದೆ. ಆದರೆ ಆ ಗಳಿಗೆಯಲ್ಲಿ ನನಗೆ ಅದು ಅತ್ಯಂತ ಸರಿಯಾದ ಲೆಕ್ಕ ಎನ್ನಿಸಿತ್ತು.

ಕುಬಸ ಮಾಡಿಸಿಕೊಂಡು ತವರಿಗೆ ಬಂದವಳು ಹಡೆಯುವ ತನಕ ಊರು ದಾಟಬಾರದು ಎನ್ನುವ ಪದ್ಧತಿಯೊಂದಿತ್ತು. ವೈನಿಗೆ ಹೇಳಿದರೆ ಬಿಡುತ್ತಿರಲಿಲ್ಲ. ಮಧ್ಯಾಹ್ನದೊಳಗೆ ಹೋಗಿ ಬಂದರಾಯಿತು ಎಂದುಕೊಂಡು ಬಾಗಿಲಿಗೆ ಬೀಗ ಹಾಕಿದೆ. ಅಭ್ಯಾಸಬಲದಿಂದ ಪರ್ಸಿನ ಜೊತೆ ತಾಯಿ ಕಾರ್ಡನ್ನೂ ಚೀಲಕ್ಕೆ ಹಾಕಿಕೊಂಡೆ. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಕಲಬುರಗಿ ಕಡೆಯ ಗಾಡಿ ಬಂತು. ಸ್ಟಿಯರಿಂಗಿನಲ್ಲಿ ನನ್ನ ಜೊತೆ ಎರಡು ವರ್ಷ ಡ್ಯೂಟಿ ಮಾಡಿದ ಡ್ರೈವರ್ ಚಾಚಾ ಇದ್ದರು. ರಿಟೈರ್ ಆಗಲು ಬಂದವರು, ಗಡ್ಡವೆಲ್ಲ ಬಿಳಿ.

"ಅರೆ ಬೇಟಿ! ರಜಾ ತಗೊಂಡು ಮತ್ತ ನನ್ನ ಗಾಡೀನೇ ಹತ್ತೀಯಲ್ಲ" ಎಂದು ನಕ್ಕರು. ನನ್ನ ಜಾಗದಲ್ಲಿದ್ದ ಕಂಡಕ್ಟರ್ ನನಗೆ ಗುರುತಿಲ್ಲದವನು. ಮಹಾಗಾಂವ ಕ್ರಾಸ್ ಎಂದೆ, ತಲೆ ಎತ್ತದೆ ಟಿಕೆಟ್ ಕೊಟ್ಟ. ನಾನೂ ಹೀಗೇ ಕೊಡುತ್ತಿದ್ದೆನಲ್ಲ ಎಂದುಕೊಂಡೆ.

ಬಸ್ಸು ಓಡಿತು. ಕಿಟಕಿಗೆ ಒರಗಿ, ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತೆ. ತೊಗರಿ ಹೊಲಗಳು ಹಿಂದೆ ಸರಿದವು. ಗುಂಡಿ ಬಂದಲ್ಲೆಲ್ಲ ಬಸ್ಸು ಎತ್ತಿ ಹಾಕುತ್ತಿತ್ತು, ಬೇರೆ ದಿನವಾಗಿದ್ದರೆ ಚಾಚಾರನ್ನು ಬೈಯುತ್ತಿದ್ದೆ. ಅವತ್ತು ಇನ್ನೂ ಎರಡು ಗುಂಡಿ ಬರಲಿ ಎನ್ನಿಸಿತು. ಕ್ರಾಸ್ ಬಂತು. ಚಾಚಾ ಇಂಜಿನ್ ಬಂದ್ ಮಾಡಿ ಇಳಿದರು. ಬಸ್ಸಿನ ನಡುಕ ನಿಂತು, ಜನರ ಮಾತಷ್ಟೇ ಉಳಿಯಿತು. ನಾನು ಕಾದೆ.

ಏನೂ ಆಗಲಿಲ್ಲ.

ನಾನು ಇಳಿಯಲಿಲ್ಲ. ಹೊಟ್ಟೆಯ ಒಳಗೆ ಅಷ್ಟೊಂದು ಶಾಂತಿ ನಾನು ಎಂದೂ ಅನುಭವಿಸಿರಲಿಲ್ಲ. ನನ್ನ ಎಲ್ಲ ಲೆಕ್ಕ ಅಲ್ಲಿಗೆ ಮುಗಿದಿತ್ತು. ಜಾಗ ಇಲ್ಲ, ಮಲಗಿದೆ, ಅಪ್ಪನ ಸ್ವಭಾವ, ಬಸ್ಸಿಲ್ಲ ಎಂದು ಎರಡು ದಿನದಿಂದ ಹೇಳಿಕೊಂಡಿದ್ದ ಒಂದೊಂದು ಸಮಾಧಾನವೂ ಜಾರಿಹೋಗಿ, ಭಯವೊಂದೇ ಉಳಿಯಿತು. ಚಾಚಾ ಕಿಟಕಿಯ ಹತ್ತಿರ ಬಂದು ಚಹಾದ ಲೋಟ ಚಾಚಿದರು. "ತಗೋ ಬೇಟಿ. ಯಾಕ, ಇಳಿಯಂಗಿಲ್ಲೇನು?"

"ಚಾಚಾ, ಕೂಸು ಮಿಸುಕವಲ್ದು. ನಿನ್ನೀಯಿಂದ ಕಮ್ಮಿ ಆಗಿತ್ತು. ಇವತ್ತ ಒಟ್ಟ ಇಲ್ಲ." ಜೋರಾಗಿ ಹೇಳಿದ ಮೇಲೆಯೇ ನನಗೆ ನಾನು ಏನು ಹೇಳುತ್ತಿದ್ದೇನೆ ಎಂದು ಪೂರ್ತಿ ತಿಳಿದದ್ದು.

ಚಾಚಾರ ನಗು ಹೋಯಿತು. "ಇಂಥಾದ್ರಾಗ ನನಗೇನು ತಿಳೀತದ ಬೇಟಿ. ಆದ್ರ ನಿನ್ನ ಮುಖಾ ನೋಡಾಕ ಆಗವಲ್ದು. ಸೀದಾ ದವಾಖಾನಿಗಿ ಹೋಗು, ಮನಿಗಿ ಹೊಳ್ಳಬ್ಯಾಡ." ತಮ್ಮ ಲೋಟದ ಚಹಾವನ್ನು ಅರ್ಧಕ್ಕೇ ಚೆಲ್ಲಿ ಗಾಡಿ ಹತ್ತಿದರು. ಇನ್ನೂ ಚಹಾ ಕುಡಿಯುತ್ತಿದ್ದ ಕಂಡಕ್ಟರ್ ಓಡಿಬಂದು ಬಾಗಿಲು ಹಿಡಿದ.

ಅಲ್ಲಿಂದ ಕಲಬುರಗಿಯವರೆಗಿನ ರಸ್ತೆ ನನಗೆ ಅಂಗೈಯಷ್ಟು ಪರಿಚಿತ. ಅವತ್ತು ಮಾತ್ರ ಮುಗಿಯಲೇ ಇಲ್ಲ. ತಾಜಸುಲ್ತಾನಪುರದಲ್ಲಿ ಹತ್ತಿದ ಒಬ್ಬ ಹೆಂಗಸು ಪಕ್ಕದಲ್ಲಿ ಕೂತು, "ಒಂಬತ್ತರಾಗ ಬಿದ್ದಾವೇನವ್ವ? ಒಬ್ಬಾಕೀನೇ ಹೊಂಟೀಯಲ್ಲ, ಮನ್ಯಾಗ ಯಾರೂ ಇಲ್ಲೇನು?" ಎಂದು ಕೇಳಿದಳು. ಮನೆಯವರು ಹಿಂದಿನ ಸೀಟಿನಲ್ಲಿದ್ದಾರೆ ಎಂದು ಸುಳ್ಳು ಹೇಳಿದೆ. ಅವಳು ಹಿಂದೆ ತಿರುಗಿ ನೋಡಿದಳು. ಯಾರೋ ಒಬ್ಬ ಗಂಡಸು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಇಂಥವನ ಕೈಯಲ್ಲಿ ಸಿಕ್ಕಿದ್ದಾಳಲ್ಲ ಎಂಬಂತೆ ನನ್ನ ಕಡೆ ಕನಿಕರದಿಂದ ನೋಡಿದಳು.

ಊರೊಳಗೆ ಹೆರಿಗೆ ಆಸ್ಪತ್ರೆಯ ಎದುರಿಗೆ ಸ್ಟಾಪ್ ಇಲ್ಲ. ಚಾಚಾ ಅಲ್ಲೇ ನಿಲ್ಲಿಸಿದರು. ಇಲ್ಲ್ಯಾಕ ನಿಂತದ, ನಡೀರಿ ಎಂದು ಹಿಂದಿನಿಂದ ಜನ ಕೂಗಿದರು. ನಾನು ಇಳಿದೆ. "ಅಲ್ಲಾ ಹೈ ಬೇಟಿ. ನಾ ಗಾಡಿ ಬಿಟ್ಟು ಬರಾಕ ಆಗಂಗಿಲ್ಲ" ಎಂದರು ಚಾಚಾ. ಗೊತ್ತು ಎಂದೆ. ಬಸ್ಸು ಹೊರಟುಹೋಯಿತು. ಪ್ರತಿ ದಿನ ಬಸ್ಸಿನ ಒಳಗಿನಿಂದ ಊರು ನೋಡುತ್ತಿದ್ದವಳು, ಬಸ್ಸು ನನ್ನನ್ನು ಬಿಟ್ಟು ಹೋಗುವುದನ್ನು ಅಲ್ಲಿ ನಿಂತು ನೋಡಿದೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ಆಟೋಗಳ ನಡುವೆ ರಸ್ತೆ ದಾಟಿದೆ.

ಒಳಗೆ ಬೆಂಚಿನ ತುಂಬ ಬಸುರಿಯರು, ಪ್ರತಿಯೊಬ್ಬಳ ಪಕ್ಕದಲ್ಲೂ ತಾಯಿಯೋ ಅತ್ತೆಯೋ ಗಂಡನೋ. ಸರದಿಯಲ್ಲಿ ನಿಲ್ಲಲು ಹೋದವಳು ಒಮ್ಮೆಗೇ ಬಸ್ಸಿನ ಗಂಟಲು ತೆಗೆದೆ. "ಸಿಸ್ಟರ್, ನನ್ನ ಕೂಸು ಮಿಸುಕಾಡವಲ್ದು!" ಕಾರಿಡಾರಿಗೆಲ್ಲ ಕೇಳಿಸಿತು. ಸಿಸ್ಟರ್ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು.

"ಯಾವಾಗಿಂದ?"

"ನಿನ್ನೆ ಕಮ್ಮಿ ಆತ್ರಿ. ಬಸ್ ನಿಂತ್ರ ಏಳ್ತದ ಅಂತ..." ಎಂದು ನಾನು ನನ್ನ ಲೆಕ್ಕ ಹೇಳಲು ಶುರು ಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ, ಎದೆಬಡಿತ ಕೇಳಿಸುವ ಚಿಕ್ಕ ಯಂತ್ರವನ್ನು ಒತ್ತಿದರು. ಅದರೊಳಗಿಂದ ಬರೀ ಸರಸರ ಸದ್ದು. ಬಲಕ್ಕೆ ಸರಿಸಿದರು, ಎಡಕ್ಕೆ ಸರಿಸಿದರು, ಕೆಳಗೆ ತಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಅವರು ನನ್ನ ಮುಖ ನೋಡುತ್ತಿರಲಿಲ್ಲ. ದೇವರಲ್ಲಿ ನಾನು ಆಗ ಬೇಡಿಕೊಂಡದ್ದು ಬಹಳ ಸಣ್ಣದು, ಒಂದೇ ಒಂದು ಒದೆ. ಆಮೇಲೆ ಆ ಸರಸರದ ನಡುವಿನಿಂದ ಟಕ ಟಕ ಎಂದು ಬಂತು. ಓಡಿತು, ತೊದಲಿತು, ನಿಧಾನವಾಯಿತು, ಮತ್ತೆ ಓಡಿತು. ಅದೇ ನನ್ನ ಕೂಸು. ನಾನು ಸಿಸ್ಟರ್ ಕೈ ಹಿಡಿದುಕೊಂಡವಳು ಬಿಡಲಿಲ್ಲ.

ಡಾಕ್ಟರಮ್ಮ ಬಂದು ಹೊಟ್ಟೆಗೆ ಎದೆಬಡಿತ ಅಳೆಯುವ ಬೆಲ್ಟು ಕಟ್ಟಿಸಿ ನೋಡಿದರು, ಸ್ಕ್ಯಾನ್ ಮಾಡಿದರು. "ಒಳಗೆ ನೀರು ಬಹಳ ಕಡಿಮೆಯಾಗಿದೆ. ಮಗು ಸುಸ್ತಾಗಿದೆ. ಈಗಲೇ ಆಪರೇಷನ್ ಮಾಡಬೇಕು" ಎಂದರು. ಜಾಗವಿಲ್ಲದೆ ಕೂಸು ಸುಮ್ಮನಾಗಿದೆ ಎಂದುಕೊಂಡಿದ್ದೆ ಎಂದೆ. ಅವರು ಗದರಲಿಲ್ಲ. "ಕೊನೆಯ ವಾರಗಳಲ್ಲಿ ಒದೆಯುವ ರೀತಿ ಬದಲಾಗಬಹುದು, ಹೊರಳಬಹುದು, ನೂಕಬಹುದು. ಕಡಿಮೆಯಾಗಬಾರದು. ಕಡಿಮೆ ಅನ್ನಿಸಿದ ದಿನವೇ ಬರಬೇಕು, ಸಿಹಿ ತಿಂದು ಕಾಯಬಾರದು" ಎಂದರು. ಎರಡು ದಿನದಲ್ಲಿ ಕೂಸಿನ ಬಗ್ಗೆ ನನಗೆ ಸಿಕ್ಕ ಮೊದಲ ನೇರ ಮಾತು ಅದು.

ನಮ್ಮನೆಯವರಿಗೆ ಫೋನ್ ಮಾಡಿದರೆ ರಿಂಗ್ ಆಗುತ್ತಲೇ ಇತ್ತು. ಮಷಿನ್ ನಡೆಯುವಾಗ ಆ ಮಿಲ್ಲಿನಲ್ಲಿ ಗುಡುಗಿದರೂ ಕೇಳುವುದಿಲ್ಲ. ವೈನಿ ಎತ್ತಿದರು. ಆಸ್ಪತ್ರೆಯಲ್ಲಿದ್ದೇನೆ, ಆಪರೇಷನ್ ಅಂತೆ ಎಂದಷ್ಟೇ ಹೇಳಿದೆ. ಆ ಕಡೆ ಪಾತ್ರೆಯ ಸದ್ದು ನಿಂತುಹೋಯಿತು. "ಯವ್ವಾ, ನಾ ಮಲಗ್ಯದ ಅಂದ್ನಲ್ಲೇ" ಎಂದು ವೈನಿ ಅಳಲು ಶುರು ಮಾಡಿದರು. ಅವರನ್ನು ಸಮಾಧಾನ ಮಾಡುವಷ್ಟು ಹೊತ್ತು ನನಗೆ ಇರಲಿಲ್ಲ. ಸಹಿ ನಾನೇ ಹಾಕಿದೆ. ಕೈಬಳೆ ತೆಗೆಯಲು ಹೋದ ಸಿಸ್ಟರ್, ಕುಬಸದ ಹಸಿರು ಬಳೆ ನೋಡಿ, ಒಡೆಯದೆ ಸೋಪು ಹಚ್ಚಿ ಒಂದೊಂದಾಗಿ ಜಾರಿಸಿದರು.

ಆಪರೇಷನ್ ಕೋಣೆಯಲ್ಲಿ ಎದೆಯ ಮುಂದೆ ಪರದೆ ಕಟ್ಟಿದ್ದರು. ಸೊಂಟದಿಂದ ಕೆಳಗೆ ನನ್ನ ಮೈ ನನ್ನದಲ್ಲ. ಯಾರೋ ಎಳೆದಂತೆ, ಯಾರೋ ಒತ್ತಿದಂತೆ. ಆಮೇಲೆ "ಹೊರಗೆ ಬಂತು" ಎಂದರು. ಹೆಣ್ಣೋ ಗಂಡೋ ಯಾರೂ ಹೇಳಲಿಲ್ಲ. ಅಳುವೂ ಕೇಳಲಿಲ್ಲ. ಪಕ್ಕದ ಮೇಜಿನ ಹತ್ತಿರ ಮೂರು ಬೆನ್ನುಗಳು ಬಾಗಿದ್ದವು. ಅದು ಎಷ್ಟು ಹೊತ್ತು ಎಂದು ನನಗೆ ತಿಳಿಯದು. ಆ ಹೊತ್ತಿನ ಬಗ್ಗೆ ನಾನು ಯಾರ ಹತ್ತಿರವೂ ಮಾತಾಡಿಲ್ಲ, ಇಲ್ಲಿಯೂ ಹೆಚ್ಚು ಬರೆಯಲಾರೆ. ಕೊನೆಗೆ ಬೆಕ್ಕಿನ ಮರಿ ಕೂಗಿದಂತೆ ಸಣ್ಣಗೆ ಒಂದು ದನಿ ಬಂತು, ಆಮೇಲೆ ಸಿಟ್ಟಿನ ದೊಡ್ಡ ಅಳು. "ಹೆಣ್ಣು" ಎಂದರು ಡಾಕ್ಟರಮ್ಮ. "ಗಟ್ಟಿ ಗಂಟಲು."

ಮಗಳನ್ನು ಒಂದು ರಾತ್ರಿ ಬೆಚ್ಚಗಿನ ಕೋಣೆಯಲ್ಲಿಟ್ಟು, ಮರುದಿನ ಬೆಳಿಗ್ಗೆ ವಾರ್ಡಿಗೆ ತಂದರು. ಅಷ್ಟರಲ್ಲಿ ಎಲ್ಲರೂ ಬಂದಿದ್ದರು. ನಮ್ಮನೆಯವರು ಮಿಲ್ಲಿನಿಂದ ನೇರ ಬಂದಿದ್ದರು, ಹುಬ್ಬಿನ ಮೇಲೆಲ್ಲ ಬೇಳೆಯ ದೂಳು. ನನ್ನ ಪಾದ ಹಿಡಿದುಕೊಂಡು ಕೂತಿದ್ದರು. ಅಣ್ಣ ಇಡೀ ವಾರ್ಡಿಗೆ ಬಾಳೆಹಣ್ಣು ಹಂಚುತ್ತಿದ್ದ. ವೈನಿ ಮಗಳನ್ನು ಮಡಿಲಿನಿಂದ ಇಳಿಸಲೇ ಒಲ್ಲರು. ನಾನು ಬಸ್ಸು ಹತ್ತಿದ ಕಥೆಯೆಲ್ಲ ಕೇಳಿ, "ನಿನ್ನ ಬಸ್ಸಿನ ಹುಚ್ಚೇ ಕೂಸಿನ ಉಳಿಸ್ತು ನೋಡು" ಎಂದು ಕಣ್ಣು ಒರೆಸಿಕೊಂಡರು. ರೌಂಡ್ಸಿಗೆ ಬಂದ ಡಾಕ್ಟರಮ್ಮ ಅದನ್ನು ಕೇಳಿ, "ಬಸ್ಸಲ್ಲಮ್ಮ. ನಡುವೆ ಇಳಿದು ಮನೆಗೆ ಹೋಗಲಿಲ್ಲ ನೋಡಿ, ಅದು" ಎಂದರು.

ಮಧ್ಯಾಹ್ನ ಪಕ್ಕದ ಹಾಸಿಗೆಗಳವರೂ ಮಗಳನ್ನು ನೋಡಲು ಬಂದರು. ಮೂಗು ಯಾರದ್ದು, ಹಣೆ ಯಾರದ್ದು ಎಂದು ಚರ್ಚೆ ನಡೆಯಿತು. ಅವಳು ಕಾಲು ಝಾಡಿಸಿದರೆ ಎಲ್ಲರೂ ಒಟ್ಟಿಗೆ ನೋಡುತ್ತಿದ್ದರು, ಎಲ್ಲರೂ ಒಟ್ಟಿಗೆ ನಗುತ್ತಿದ್ದರು. ಇನ್ನು ಮುಂದೆ ಅವಳ ಪ್ರತಿ ಒದೆಯೂ ಎಲ್ಲರಿಗೂ ಕಾಣುತ್ತದೆ. ಬದುಕಿದಳಲ್ಲ, ನನಗೆ ಇನ್ನೇನು ಬೇಕಿತ್ತು? ನನಗೆ ಖುಷಿಯಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಕಣ್ಣು ಮುಚ್ಚಿ, ಬ್ಯಾಂಡೇಜಿನ ಮೇಲೆ ಕೈಯಿಟ್ಟುಕೊಂಡು ಮಲಗಿದೆ. ಆಗ ಒಳಗೆ, ಬಲಗಡೆ ಪಕ್ಕೆಯ ಕೆಳಗೆ, ಅವಳು ಮಿಸುಕಿದಳು.

ಒಂದು ಕ್ಷಣ ನನ್ನ ಜೀವ ಹೂವಾಯಿತು. ಎದ್ದಳು, ಕೊನೆಗೂ ಎದ್ದಳು ಎಂದು ಅಲ್ಲಿಗೆ ಬೆರಳು ಒತ್ತಿದೆ. ಕಣ್ಣು ತೆರೆದರೆ ಮಗಳು ಕಿಟಕಿಯ ಹತ್ತಿರ, ವೈನಿಯ ಮಡಿಲಲ್ಲಿದ್ದಳು. ಅವಳ ಸುತ್ತ ಎಲ್ಲರೂ ಇದ್ದರು. ನನ್ನೊಳಗೆ ಯಾರೂ ಇರಲಿಲ್ಲ. ಮೂರು ದಿನದಿಂದ ಹಿಡಿದಿಟ್ಟಿದ್ದ ಅಳು ಬಂದುಬಿಟ್ಟಿತು. ವೈನಿ ಮಗಳನ್ನು ಎತ್ತಿಕೊಂಡೇ ಓಡಿಬಂದು, "ಯಾಕ ತಂಗಿ, ಹೊಲಿಗಿ ಜಗ್ಗಾಕತ್ತಾವೇನು?" ಎಂದು ಕೇಳಿದರು.

ನಾನು ಹೌದು ಎಂದೆ.